ಉಸ್ತ್-ಕತಾವ್ ಟ್ರಾಮ್ ಕಾರ್ಖಾನೆ: ಒಬ್ಬನೇ ಗಿರಾಕಿಯನ್ನು ನಂಬಿ ಬೆಳೆದ ಉದ್ಯಮದ ಪ್ರಕರಣ ಅಧ್ಯಯನ

ರಷ್ಯದ ಉರಾಲ್ ಪರ್ವತಶ್ರೇಣಿಯ ದಕ್ಷಿಣ ಭಾಗದಲ್ಲಿ, ಕತಾವ್ ನದಿಯು ಯುರ್ಯುಜಾನ್ ನದಿಯನ್ನು ಕೂಡುವ ಜಾಗದಲ್ಲಿ, ಉಸ್ತ್-ಕತಾವ್ ಎಂಬ ಪಟ್ಟಣವಿದೆ. ಆಡಳಿತದ ಲೆಕ್ಕದಲ್ಲಿ ಇದು ಚೆಲ್ಯಾಬಿನ್ಸ್ಕ್ ಪ್ರಾಂತಕ್ಕೆ ಸೇರಿದ್ದು. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಈ ಪಟ್ಟಣದ ಬೀದಿಗಳಲ್ಲಿ ಟ್ರಾಮ್ ಸಂಚಾರವಿಲ್ಲ. ಕಾರ್ಖಾನೆಯ ಆವರಣದೊಳಗೆ ಹೊಸ ಗಾಡಿಗಳನ್ನು ಓಡಿಸಿ ನೋಡಲು ಹಾಕಿರುವ ಹಳಿಯೊಂದೇ ಇಲ್ಲಿಯ ಟ್ರಾಮ್ ಮಾರ್ಗ. ಆದರೂ ಜಗತ್ತಿನಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಟ್ರಾಮ್ ಮಾದರಿಯೆಂದು ಹೆಸರಾದ ಕೆಟಿಎಂ-5 ಹೊರಬಂದದ್ದು ಇಲ್ಲಿಂದಲೇ. 1969ರಿಂದ 1992ರವರೆಗೆ ಸುಮಾರು 15 ಸಾವಿರ ಗಾಡಿಗಳು ಈ ಪಟ್ಟಣದಿಂದ ರೈಲಿನ ಮೇಲೇರಿ ಸೋವಿಯತ್ ಒಕ್ಕೂಟದ ಊರೂರಿಗೆ ಹೋದವು; ಸರಾಸರಿ ತೆಗೆದರೆ ವರ್ಷಕ್ಕೆ ಆರುನೂರಕ್ಕೂ ಹೆಚ್ಚು.

ಇಷ್ಟು ದೊಡ್ಡ ಪ್ರಮಾಣದಲ್ಲಿ ಗಾಡಿ ಕಟ್ಟಿದ ಕಾರ್ಖಾನೆಯು, 2010ರ ದಶಕದಲ್ಲಿ ಮಾಸ್ಕೋ ನಗರವು ತನ್ನ ಟ್ರಾಮ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಲು ಹೊರಟಾಗ, ಆ ದೊಡ್ಡ ಖರೀದಿಯ ಹೊರಗೇ ಉಳಿಯಿತು. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಇಲ್ಲಿಯ ಗಾಡಿಗಳು ಒರಟಾಗಿದ್ದವು, ಸ್ಪರ್ಧೆ ಬಂದೊಡನೆ ಸೋತವು ಎಂಬುದು. ಈ ವಿವರಣೆಯಲ್ಲಿ ಸತ್ಯವಿದ್ದರೂ ಅದು ಸಾಲದು, ಏಕೆಂದರೆ ಕಾರ್ಖಾನೆಯ ಉತ್ಪಾದನೆ ಕುಸಿದದ್ದು ಸ್ಪರ್ಧಿಗಳು ಬರುವುದಕ್ಕೆ ಬಹಳ ಮೊದಲೇ; ಅದೂ ಗಾಡಿಗಳ ಗುಣಮಟ್ಟದಲ್ಲಿ ಯಾವ ಬದಲಾವಣೆಯೂ ಆಗದೆ ಇದ್ದಾಗ. ಈ ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಗಾಡಿ ಕಟ್ಟಿದವರಿಗಿಂತ ಅದಕ್ಕೆ ಹಣ ಕೊಡುತ್ತಿದ್ದವರು ಯಾರು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ದೋಣಿಕಟ್ಟೆಯಿಂದ ಗಾಡಿಕಟ್ಟೆಗೆ

ಕಾರ್ಖಾನೆಯ ಹುಟ್ಟು 1758ರಷ್ಟು ಹಿಂದಿನದು. ಇವಾನ್ ತ್ವೆರ್ದಿಶೆವ್ ಮತ್ತು ಇವಾನ್ ಮ್ಯಾಸ್ನಿಕೋವ್ ಎಂಬ ಸಿಂಬಿರ್ಸ್ಕಿನ ವರ್ತಕರು ಉರಾಲಿನಲ್ಲಿ ಹಲವು ಕಬ್ಬಿಣದ ಕಾರ್ಖಾನೆಗಳನ್ನು ಸ್ಥಾಪಿಸಿದ್ದರು. ಅವುಗಳಲ್ಲಿ ಇದೂ ಒಂದು. ಇಲ್ಲಿ ಸರಕುದೋಣಿಗಳನ್ನೂ ಕಟ್ಟುತ್ತಿದ್ದರು. ಸುತ್ತಲಿನ ಕುಲುಮೆಗಳ ಕಬ್ಬಿಣವನ್ನು ಆ ದೋಣಿಗಳಲ್ಲಿ ಹೇರಿ, ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬಿದಾಗ ಯುರ್ಯುಜಾನ್, ಊಫಾ, ಬೆಲಾಯಾ, ಕಾಮಾ ನದಿಗಳ ಮೂಲಕ ವೋಲ್ಗಾಕ್ಕೆ ಇಳಿಸುತ್ತಿದ್ದರು. 1890ರಲ್ಲಿ ಸಮಾರಾದಿಂದ ಊಫಾ ಮೂಲಕ ಬಂದ ರೈಲು ಮಾರ್ಗ ಝ್ಲಾತೊಉಸ್ತ್ ತಲುಪಿದ ಮೇಲೆ ಹೊಳೆಯ ಸಾಗಣೆಗೆ ಬೆಲೆ ಉಳಿಯಲಿಲ್ಲ. ದೋಣಿಯ ಕೆಲಸವನ್ನು ಮೂಲೆಗೆ ತಳ್ಳಿದ ಅದೇ ರೈಲು ಬೇರೊಂದು ಕೆಲಸವನ್ನೂ ತಂದಿತು. 1898ರಲ್ಲಿ ಬೆಲ್ಜಿಯಂ ಬಂಡವಾಳದ ಕಂಪನಿಯೊಂದು ಇಲ್ಲಿ ರೈಲು ಬೋಗಿಗಳನ್ನು ಕಟ್ಟುವ ಕಾರ್ಖಾನೆಯನ್ನು ಆರಂಭಿಸಿತು. 20ನೇ ಶತಮಾನ ಹುಟ್ಟುವ ಹೊತ್ತಿಗೆ ಅಲ್ಲಿ ಟ್ರಾಮ್ ಗಾಡಿಗಳ ತಯಾರಿಕೆಯೂ ಶುರುವಾಯಿತು. ಆ ಕಾಲದಲ್ಲಿ ರಷ್ಯದ ಹಲವು ನಗರಗಳ ಟ್ರಾಮ್ ಕಂಪನಿಗಳೂ ಬೆಲ್ಜಿಯಂ ಒಡೆತನದಲ್ಲಿದ್ದುದನ್ನು ನೆನೆದರೆ, ಕಾಡಿನ ನಡುವಿನ ಈ ಪಟ್ಟಣದಲ್ಲಿ ಟ್ರಾಮ್ ಕಟ್ಟುವ ಯೋಚನೆ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ.

ಕ್ರಾಂತಿಯ ನಂತರ ಕಾರ್ಖಾನೆ ಸರಕಾರದ ಸ್ವತ್ತಾಯಿತು, ಮುಂದೆ ಸೋವಿಯತ್ ನಾಯಕ ಕಿರೋವನ ಹೆಸರು ಪಡೆಯಿತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಇಲ್ಲಿ ಮದ್ದುಗುಂಡುಗಳು ತಯಾರಾದವು.

ಯೋಜನೆ ಹಂಚಿಕೊಟ್ಟ ಪಾಲು

ಯುದ್ಧ ಮುಗಿದಾಗ ಸೋವಿಯತ್ ನಗರಗಳ ಟ್ರಾಮ್ ಗಾಡಿಗಳು ಸವೆದು ಹೋಗಿದ್ದವು, ನಗರಗಳಿಗೆ ಕಾರ್ಮಿಕರು ಬಂದು ಸೇರುವುದು ಮಾತ್ರ ನಿಂತಿರಲಿಲ್ಲ. 1947ರಲ್ಲಿ ಉಸ್ತ್-ಕತಾವ್ ಎರಡು ಅಚ್ಚಿನ, ಅಂದರೆ ಎರಡು ಜೋಡಿ ಚಕ್ರಗಳ, ಕೆಟಿಎಂ-1 ಎಂಬ ಮೋಟಾರು ಗಾಡಿಯನ್ನೂ, ಅದರ ಹಿಂದೆ ಎಳೆಯಲು ಕೆಟಿಪಿ-1 ಎಂಬ ಮೋಟಾರಿಲ್ಲದ ಗಾಡಿಯನ್ನೂ ತಯಾರಿಸತೊಡಗಿತು. ‘ಕೆಟಿಎಂ’ ಎಂದರೆ ಕಿರೋವ್ ಕಾರ್ಖಾನೆಯ ಮೋಟಾರು ಟ್ರಾಮ್; ಮುಂದೆ ಮಾದರಿ ಯಾವುದೇ ಬಂದರೂ ಡಿಪೊಗಳಲ್ಲಿ ಈ ಮೂರಕ್ಷರವೇ ಬಳಕೆಯಲ್ಲಿ ಉಳಿಯಿತು. 1960ರ ದಶಕದಲ್ಲಿ ಕೆಟಿಎಂ-2 ಬಂದಿತು. ಅದೂ ಎರಡು ಅಚ್ಚಿನದೇ. ಯುರೋಪು ಮತ್ತು ಅಮೆರಿಕದಲ್ಲಿ ನಾಲ್ಕು ಅಚ್ಚಿನ ಉದ್ದನೆಯ ಗಾಡಿಗಳು ಸಾಮಾನ್ಯವಾಗಿ, ಸ್ವತಃ ಲೆನಿನ್‌ಗ್ರಾಡ್ ಮತ್ತು ರೀಗಾ ಕಾರ್ಖಾನೆಗಳು ಅಂಥ ಗಾಡಿಗಳನ್ನು ಕಟ್ಟುತ್ತಿದ್ದಾಗಲೂ ಉಸ್ತ್-ಕತಾವ್ 1969ರವರೆಗೆ ಹಳೆಯ ವಿನ್ಯಾಸವನ್ನೇ ಹಿಡಿದು ಕೂತಿತ್ತು. ಗಿರಾಕಿಗೆ ಬೇಡ ಎನ್ನುವ ಅವಕಾಶವೇ ಇಲ್ಲದ ವ್ಯವಸ್ಥೆಯಲ್ಲಿ ಇದು ಸಾಧ್ಯವಾಯಿತು. ನಗರಗಳು ಗಾಡಿಯನ್ನು ಅಂಗಡಿಯಲ್ಲಿ ಆರಿಸಿಕೊಳ್ಳುತ್ತಿರಲಿಲ್ಲ. ಯಾವ ನಗರಕ್ಕೆ ಯಾವ ಕಾರ್ಖಾನೆಯಿಂದ ಎಷ್ಟು ಗಾಡಿ ಎಂಬುದನ್ನು ಯೋಜನೆ ನಿರ್ಧರಿಸುತ್ತಿತ್ತು, ಹಣವನ್ನು ಸರಕಾರವೇ ಹೊಂದಿಸುತ್ತಿತ್ತು.

ಈ ಹಂಚಿಕೆಯ ನಕ್ಷೆಯಲ್ಲಿ ಉಸ್ತ್-ಕತಾವ್ ಮೊದಲ ಸ್ಥಾನದಲ್ಲೇನೂ ಇರಲಿಲ್ಲ. ಸಮಾಜವಾದಿ ದೇಶಗಳ ನಡುವಿನ ಕೆಲಸದ ವಿಂಗಡಣೆಯಂತೆ ಟ್ರಾಮ್ ತಯಾರಿಕೆಯ ದೊಡ್ಡ ಪಾಲು ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿದ್ದ ಚೆಕೆಡೆ ತಾತ್ರಾ ಕಾರ್ಖಾನೆಗೆ ಸಂದಿತ್ತು. ಅಮೆರಿಕದ ಪಿಸಿಸಿ ಎಂಬ ಟ್ರಾಮ್ ವಿನ್ಯಾಸದ ಪರವಾನಗಿಯ ಮೇಲೆ ಬೆಳೆದ ಅದರ ಟಿ3 ಮಾದರಿಯು 1963ರಿಂದ ಸೋವಿಯತ್ ನಗರಗಳಿಗೆ ಬರಲಾರಂಭಿಸಿತು. ತಯಾರಾದ ಸುಮಾರು 14 ಸಾವಿರ ಟಿ3 ಗಾಡಿಗಳಲ್ಲಿ 11 ಸಾವಿರಕ್ಕೂ ಹೆಚ್ಚು ಬಂದದ್ದು ಸೋವಿಯತ್ ಒಕ್ಕೂಟಕ್ಕೇ. ಮಾಸ್ಕೋದ ಹಳಿಗಳ ಮೇಲೆ ತಾತ್ರಾ ಮುಖ್ಯ ಗಾಡಿಯಾಯಿತು. ಲೆನಿನ್‌ಗ್ರಾಡ್ ತನ್ನ ಗಾಡಿಗಳನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ರೀಗಾದ ಕಾರ್ಖಾನೆಯು 1974ರ ಹೊತ್ತಿಗೆ ಟ್ರಾಮ್ ಕೆಲಸವನ್ನು ಕೈಬಿಟ್ಟು ಉಪನಗರ ವಿದ್ಯುತ್ ರೈಲುಗಳ ಮೇಲೆ ಗಮನ ಇಟ್ಟಿತು. ಉಳಿದದ್ದು ಉರಾಲ್, ಸೈಬೀರಿಯಾ, ವೋಲ್ಗಾ ತೀರ, ಉಕ್ರೇನಿನ ಕಬ್ಬಿಣದ ಪಟ್ಟಣಗಳು: ಉದ್ಯಮ ದೊಡ್ಡದು, ರಾಜಧಾನಿಯಲ್ಲಿ ದನಿ ಸಣ್ಣದು ಎಂಬಂಥ ಊರುಗಳು. ಅವುಗಳಲ್ಲಿ ಬಹುಪಾಲು ಊರುಗಳ ಪಾಲಿಗೆ ಉಸ್ತ್-ಕತಾವ್ ಬಂದಿತು.

ಕೆಟಿಎಂ-5

1963ರಲ್ಲಿ ಮೊದಲ ಮಾದರಿ ರೂಪುಗೊಂಡು, 1969ರಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆಗೆ ಬಂದ ಕೆಟಿಎಂ-5ಕ್ಕೆ ಮುಂದೆ ಬಂದ ಏಕರೂಪದ ಸಂಖ್ಯಾಪದ್ಧತಿಯಲ್ಲಿ ಸಿಕ್ಕ ಹೆಸರು 71-605. ಇಲ್ಲಿ 71 ಎಂಬುದು ಟ್ರಾಮ್‌ಗೆ, ಮುಂದಿನ 6 ಉಸ್ತ್-ಕತಾವ್‌ಗೆ ಮೀಸಲು. ಸುಮಾರು 15 ಮೀಟರ್ ಉದ್ದ, 2.6 ಮೀಟರ್ ಅಗಲ, ನಾಲ್ಕು ಅಚ್ಚು, ಅಚ್ಚಿಗೊಂದು ಮೋಟಾರು. ಎರಡು ಮೂರು ಗಾಡಿಗಳನ್ನು ಜೋಡಿಸಿ ಒಬ್ಬನೇ ಚಾಲಕ ಓಡಿಸಬಹುದಾಗಿತ್ತು. ಪಾಳಿ ಬದಲಾಗುವ ವೇಳೆಗೆ ಸಾವಿರಾರು ಕಾರ್ಮಿಕರನ್ನು ಒಮ್ಮೆಗೇ ಹೊತ್ತೊಯ್ಯಬೇಕಾದ ಊರುಗಳಿಗೆ ಇದು ಬಹಳ ದೊಡ್ಡ ಅನುಕೂಲ.

ಗಾಡಿಯ ದೋಷಗಳ ಬಗ್ಗೆ ಅದನ್ನು ಓಡಿಸಿದವರೂ ಹತ್ತಿದವರೂ ಹೇಳುವ ಮಾತುಗಳಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಓಟದಲ್ಲಿ ಗದ್ದಲ ಹೆಚ್ಚು. ಹೊರಡುವಾಗ, ನಿಲ್ಲುವಾಗ ಜಗ್ಗು ಹೆಚ್ಚು. ಚಳಿಗಾಲದಲ್ಲಿ ಒಳಗೂ ಚಳಿ. ಮೈತಗಡಿಗೆ ತುಕ್ಕು ಬೇಗ. ತಾತ್ರಾದ ಪಕ್ಕದಲ್ಲಿ ನಿಲ್ಲಿಸಿದರೆ ಇದು ಹಳ್ಳಿಯ ನೆಂಟನಂತೆ ಕಾಣುತ್ತಿತ್ತು. ಆದರೆ ಇದರ ಒಳಗಿನ ಏರ್ಪಾಡು ಸರಳವಾಗಿತ್ತು. ಮೋಟಾರಿಗೆ ಹರಿಯುವ ವಿದ್ಯುತ್ತನ್ನು ವಿದ್ಯುತ್ತಿಗೆ ತಡೆಯೊಡ್ಡುವ ರಿಯೋಸ್ಟಾಟ್ ಮತ್ತು ಅದನ್ನು ಜೋಡಿಸಿ ಬಿಡಿಸುವ ಸ್ವಿಚ್ಚುಗಳಾದ ಕಾಂಟ್ಯಾಕ್ಟರ್‌ಗಳ ಮೂಲಕ ನಿಯಂತ್ರಿಸುವ ಹಳೆಯ ಪದ್ಧತಿ ಇದರದು. ವೇಗ ಹೆಚ್ಚಿಸುವಾಗ ಒಂದಿಷ್ಟು ವಿದ್ಯುತ್ ಬರಿದೇ ಬಿಸಿಯಾಗಿ ಹೋಗುತ್ತಿತ್ತು ಎಂಬುದು ನಿಜವೇ. ಆದರೆ ಕೆಟ್ಟರೆ ಡಿಪೊದ ಸಾಮಾನ್ಯ ಮೆಕ್ಯಾನಿಕ್ ಕಣ್ಣಿನಿಂದ ನೋಡಿ ದೋಷ ಹಿಡಿದು, ಕೈಯಲ್ಲಿರುವ ಸಲಕರಣೆಯಿಂದಲೇ ಸರಿಪಡಿಸಬಹುದಾಗಿತ್ತು. ಬಿಡಿಭಾಗಗಳು ದೇಶದಾದ್ಯಂತ ಒಂದೇ. ಹದಿನೈದು ಹದಿನಾರು ವರ್ಷ ಓಡಲೆಂದು ಲೆಕ್ಕ ಹಾಕಿ ಕಟ್ಟಿದ ಗಾಡಿಗಳು ಎಷ್ಟೋ ಊರುಗಳಲ್ಲಿ ಮೂವತ್ತು ವರ್ಷ ದಾಟಿಯೂ ಓಡಿದ್ದಕ್ಕೆ ಈ ಸರಳತೆಯೇ ಕಾರಣ. ಒಳ್ಳೆಯ ಗಾಡಿ ಯಾವುದು ಎಂಬ ಪ್ರಶ್ನೆಗೆ ಪ್ರಯಾಣಿಕ ಕೊಡುವ ಉತ್ತರ ಬೇರೆ, ಡಿಪೊ ಮೇಲ್ವಿಚಾರಕ ಕೊಡುವ ಉತ್ತರ ಬೇರೆ. ಕೆಟಿಎಂ-5ನ್ನು ಬರೀ ಕಳಪೆ ಎಂದು ತಳ್ಳಿಹಾಕುವವರು ಈ ಎರಡನೆಯವನನ್ನು ಕೇಳಿರುವುದಿಲ್ಲ ಎಂದು ನನಗನ್ನಿಸುತ್ತದೆ.

ಹಾಗೆಂದು ಕಾರ್ಖಾನೆಯ ತಪ್ಪನ್ನು ಮುಚ್ಚಿಡಬೇಕಾಗಿಲ್ಲ. ಒಂದೇ ಮಾದರಿಯನ್ನು ಸಣ್ಣಪುಟ್ಟ ತಿದ್ದುಪಡಿಗಳೊಡನೆ ಇಪ್ಪತ್ತಮೂರು ವರ್ಷ ಕಟ್ಟಿದ್ದರಿಂದ ಹೊಸ ವಿನ್ಯಾಸವನ್ನು ಬೇಗ ರೂಪಿಸುವ ಅಭ್ಯಾಸವೇ ತಪ್ಪಿಹೋಗಿತ್ತು. 1980ರ ದಶಕದ ಕೊನೆಯಲ್ಲಿ ಮುಂದಿನ ಮಾದರಿಯಾದ 71-608ನ್ನು ಸಿದ್ಧಪಡಿಸಿದಾಗ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಆಧಾರಿತ ಆಧುನಿಕ ನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸಲು ಹೊರಟರು. ಕೊನೆಗೆ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದದ್ದು 71-608ಕೆ. ಆ ‘ಕೆ’ ಸೂಚಿಸುವುದು ಹಳೆಯ ಕಾಂಟ್ಯಾಕ್ಟರ್ ಪದ್ಧತಿಯನ್ನೇ. ಮೈಕಟ್ಟು ಹೊಸದಾಯಿತು, ಓಡಿಸುವ ತಂತ್ರ ಹಿಂದಿನದೇ ಉಳಿಯಿತು.

ಗಿರಾಕಿಯೇ ಇಲ್ಲವಾದಾಗ

1991ರ ಕೊನೆಗೆ ಸೋವಿಯತ್ ಒಕ್ಕೂಟ ಒಡೆಯಿತು. ಕಾರ್ಖಾನೆಯ ಮಟ್ಟಿಗೆ ಇದರ ಅರ್ಥ, ವರ್ಷಕ್ಕೆ ನೂರಾರು ಗಾಡಿಗಳಿಗೆ ಹಣ ಕೊಡುತ್ತಿದ್ದ ಒಬ್ಬನೇ ಗಿರಾಕಿ ಮಾಯವಾಗಿ, ಅವನ ಜಾಗದಲ್ಲಿ ಕೈ ಬರಿದಾದ ಹತ್ತಾರು ನಗರಾಡಳಿತಗಳು ಬಂದು ನಿಂತವು. ಉಕ್ರೇನ್, ಕಜಾಕಿಸ್ತಾನಗಳ ಊರುಗಳು ವಿದೇಶಗಳಾದವು. ರಷ್ಯದೊಳಗೆ ನಗರ ಸಾರಿಗೆಯ ಹೊಣೆ ಸ್ಥಳೀಯ ಆಡಳಿತಗಳ ಹೆಗಲಿಗೆ ಬಿದ್ದಿತು, ಆದರೆ ಅದಕ್ಕೆ ತಕ್ಕ ವರಮಾನ ಬರಲಿಲ್ಲ. ಪಿಂಚಣಿದಾರರು, ಮಾಜಿ ಯೋಧರು ಮುಂತಾದ ಹಲವು ವರ್ಗದವರಿಗೆ ಉಚಿತ ಪ್ರಯಾಣದ ಹಕ್ಕು ಹಾಗೆಯೇ ಉಳಿದಿತ್ತು; ಆ ಟಿಕೆಟ್ಟಿನ ಹಣವನ್ನು ಟ್ರಾಮ್ ಸಂಸ್ಥೆಗೆ ತುಂಬಿಕೊಡುವವರು ಮಾತ್ರ ಸರಿಯಾಗಿ ಇರಲಿಲ್ಲ. ಟಿಕೆಟ್ ಕೊಟ್ಟು ಹತ್ತುವವರನ್ನು ಇನ್ನೊಂದು ವಾಹನ ಕಸಿದುಕೊಂಡಿತು. 1994ರಲ್ಲಿ ನಿಜ್ನಿ ನೊವ್‌ಗೊರೊದ್‌ನ ಗಾಜ್ ಕಾರ್ಖಾನೆ ‘ಗಜೆಲ್’ ಎಂಬ ಹಗುರ ವಾಹನವನ್ನು ಮಾರುಕಟ್ಟೆಗೆ ತಂದಿತು. ಅದರ ಮಿನಿಬಸ್ ರೂಪವೇ ‘ಮರ್ಶ್ರೂತ್ಕಾ’ ಎಂಬ ಖಾಸಗಿ ಷೇರ್ ವಾಹನವಾಗಿ ರಷ್ಯದ ಎಲ್ಲ ಊರುಗಳಲ್ಲೂ ಟ್ರಾಮ್ ಹಳಿಯ ಪಕ್ಕದಲ್ಲೇ ಓಡತೊಡಗಿತು.

ಹೊಸ ಗಾಡಿ ಕೊಳ್ಳಲಾಗದ ಸಂಸ್ಥೆಗಳು ಹಳೆಯ ಗಾಡಿಗಳನ್ನೇ ಓಡಿಸಿದವು. ಅವುಗಳ ದುರಸ್ತಿಗೂ ಹಣ ಸಾಲದಾಯಿತು. ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು 1996ರ ಜುಲೈ 2ರಂದು ಉಕ್ರೇನಿನ ದ್ನಿಪ್ರೊದ್ಜೆರ್ಜಿನ್ಸ್ಕ್, ಅಂದರೆ ಇಂದಿನ ಕಾಮ್ಯಾನ್‌ಸ್ಕೆ, ನಗರದಲ್ಲಿ ನಡೆದ ಅಪಘಾತ ತೋರಿಸಿತು. ಜನ ಕಿಕ್ಕಿರಿದಿದ್ದ ಕೆಟಿಎಂ-5 ಗಾಡಿಯೊಂದು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹಳಿ ತಪ್ಪಿ 34 ಜನ ಸತ್ತರು. ಆ ಹೊತ್ತಿನ ಟ್ರಾಮ್ ಸಂಸ್ಥೆಗಳಲ್ಲಿ ಗಾಡಿಗಳ ಪಾಲನೆ ಯಾವ ಸ್ಥಿತಿಗೆ ಇಳಿದಿತ್ತೆಂಬುದನ್ನು ಬಿಟ್ಟು ಈ ದುರಂತವನ್ನು ಓದಲಾಗದು.

ಕೆಲವು ನಗರಗಳು ಟ್ರಾಮನ್ನೇ ಕಿತ್ತುಹಾಕಿದವು. ಅರ್ಖಾಂಗೆಲ್ಸ್ಕ್ 2004ರಲ್ಲಿ, ಅಸ್ತ್ರಖಾನ್ 2007ರಲ್ಲಿ, ಇವಾನೊವೊ 2008ರಲ್ಲಿ, ವೊರೊನೆಜ್ 2009ರಲ್ಲಿ, ರ್ಯಾಜಾನ್ 2010ರಲ್ಲಿ. ವೊರೊನೆಜ್ ಸಣ್ಣ ಊರಲ್ಲ, ಹತ್ತು ಲಕ್ಷದ ಆಸುಪಾಸು ಜನವಿರುವ ನಗರ. ಹೀಗೆ ಮುಚ್ಚಿದ ಪ್ರತಿಯೊಂದು ಜಾಲವೂ ಉಸ್ತ್-ಕತಾವ್‌ಗೆ ಮತ್ತೆಂದೂ ಬಾರದ ಗಿರಾಕಿ.

ಇದೇ ಕಾಲದಲ್ಲಿ ಪ್ರಾಗ್‌ನ ತಾತ್ರಾಕ್ಕೆ ಏನಾಯಿತೆಂದು ನೋಡಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರ ಗಾಡಿಗಳು ಎಲ್ಲರೂ ಒಪ್ಪುವಂತೆ ಉತ್ತಮವಾಗಿದ್ದವು. ಆದರೆ ಅದೂ ಅದೇ ಗಿರಾಕಿಯನ್ನು ನಂಬಿತ್ತು, ರೂಬಲ್ ಲೆಕ್ಕದ ವ್ಯಾಪಾರ ಮುಗಿದು ಡಾಲರಿನಂಥ ಗಟ್ಟಿ ಕರೆನ್ಸಿಯಲ್ಲಿ ಬೆಲೆ ಕೇಳಬೇಕಾಗಿ ಬಂದಾಗ ಪೂರ್ವದ ನಗರಗಳು ಕೊಳ್ಳಲಾರದೆ ಹೋದವು. ಸುಮಾರು 2000ದ ಹೊತ್ತಿಗೆ ಚೆಕೆಡೆ ದಿವಾಳಿಯಾಯಿತು, ಅದರ ಟ್ರಾಮ್ ವಿಭಾಗ ಸೀಮೆನ್ಸ್ ಕೈಸೇರಿತು. ಒಳ್ಳೆಯ ಗಾಡಿ ಕಟ್ಟಿದವನು ಮುಳುಗಿದ, ಒರಟು ಗಾಡಿ ಕಟ್ಟಿದವನು ಬಡಕಲಾಗಿಯಾದರೂ ಉಳಿದ. ಗುಣಮಟ್ಟವೊಂದರಿಂದಲೇ ಏಳುಬೀಳನ್ನು ವಿವರಿಸುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಅದೇ ಗೇಟಿನೊಳಗಿನ ಇನ್ನೊಂದು ಕೆಲಸ

ಉಸ್ತ್-ಕತಾವ್ ಉಳಿದದ್ದಕ್ಕೆ ಒಂದು ಕಾರಣ, ಅದು ಎಂದೂ ಬರೀ ಟ್ರಾಮ್ ಕಾರ್ಖಾನೆಯಾಗಿರಲಿಲ್ಲ ಎಂಬುದು. ಯುದ್ಧಾನಂತರದ ದಶಕಗಳಲ್ಲಿ ಇದೇ ಆವರಣದಲ್ಲಿ ದ್ರವ ಇಂಧನದ ರಾಕೆಟ್ ಎಂಜಿನ್‌ಗಳ ತಯಾರಿಕೆ ಬೆಳೆಯಿತು. ಅಲೆಕ್ಸೇ ಇಸಾಯೆವ್ ಕಟ್ಟಿದ ವಿನ್ಯಾಸ ಸಂಸ್ಥೆ ರೂಪಿಸಿದ ಎಂಜಿನ್‌ಗಳು ಇಲ್ಲಿ ತಯಾರಾದವು. ಸೋಯುಜ್ ಮತ್ತು ಪ್ರೊಗ್ರೆಸ್ ಅಂತರಿಕ್ಷ ನೌಕೆಗಳ ಎಂಜಿನ್‌ಗಳ ಕೆಲಸವೂ ಇಲ್ಲಿಯದೇ. ಹಣ, ನುರಿತ ಕುಶಲಕರ್ಮಿಗಳು, ಉತ್ತಮ ಯಂತ್ರಗಳು ಮೊದಲು ಹರಿಯುತ್ತಿದ್ದದ್ದು ಆ ಕಡೆಗೆ. ಟ್ರಾಮ್ ಎಂಬುದು ರಕ್ಷಣಾ ಕಾರ್ಖಾನೆಯು ಜನಬಳಕೆಗೆ ಮಾಡಿಕೊಡುವ ಸರಕು. ಸೋವಿಯತ್ ಕಾಲದಲ್ಲಿ ಇಂಥ ಜೋಡಿ ಕೆಲಸ ಅಪರೂಪವೇನಲ್ಲ, ಟ್ಯಾಂಕ್ ಕಟ್ಟುವ ಕಾರ್ಖಾನೆಗಳು ಟ್ರ್ಯಾಕ್ಟರನ್ನೂ ರೈಲು ಬೋಗಿಯನ್ನೂ ಕಟ್ಟುತ್ತಿದ್ದವು.

1990ರ ದಶಕದಲ್ಲಿ ಎರಡೂ ಕೆಲಸ ಒಟ್ಟಿಗೇ ಸೊರಗಿದವು. ಆದರೂ ಅಂತರಿಕ್ಷ ಕಾರ್ಯಕ್ರಮವನ್ನು ಸರಕಾರ ಪೂರ್ತಿ ಕೈಬಿಡುವಂತಿರಲಿಲ್ಲವಾದ್ದರಿಂದ ಕಾರ್ಖಾನೆಯ ಗೇಟು ಮುಚ್ಚಲಿಲ್ಲ. 2010ರ ದಶಕದ ಹೊತ್ತಿಗೆ ಇದು ಮಾಸ್ಕೋದ ಖ್ರೂನಿಚೆವ್ ಕೇಂದ್ರದ ಶಾಖೆಯಾಗಿತ್ತು. ನಮ್ಮ ಇಸ್ರೋದ ಜಿಎಸ್‌ಎಲ್‌ವಿ ರಾಕೆಟ್ಟಿನ ಆರಂಭದ ಹಾರಾಟಗಳಿಗೆ ಕ್ರಯೋಜನಿಕ್ ಹಂತವನ್ನು ಕಟ್ಟಿಕೊಟ್ಟ ಖ್ರೂನಿಚೆವ್ ಇದೇ. ಪ್ರೋಟಾನ್ ರಾಕೆಟ್ಟಿನ ಸರಣಿ ವೈಫಲ್ಯಗಳಿಂದಲೂ ಸಾಲದ ಹೊರೆಯಿಂದಲೂ ಆ ಸಂಸ್ಥೆ ಸ್ವತಃ ಏದುಸಿರು ಬಿಡುತ್ತಿದ್ದ ಕಾಲದಲ್ಲಿ, ಅದರ ದೂರದ ಶಾಖೆಯೊಂದರ ಟ್ರಾಮ್ ವಿಭಾಗಕ್ಕೆ ಹೊಸ ಬಂಡವಾಳ ಹಾಕುವ ಉಮೇದು ಯಾರಿಗಿದ್ದೀತು? ಟ್ರಾಮನ್ನು ಬದುಕಿಸಿದ್ದು ರಾಕೆಟ್ ಕೆಲಸ. ಟ್ರಾಮ್ ಮಾರುಕಟ್ಟೆ ಮತ್ತೆ ಚಿಗುರಿದಾಗ ಅದಕ್ಕೆ ತಕ್ಕ ವೇಗದಲ್ಲಿ ಹೆಜ್ಜೆ ಹಾಕಲು ಬಿಡದಿದ್ದದ್ದೂ ಅದೇ ಒಡೆತನ ಎಂಬುದು ನನ್ನ ಗ್ರಹಿಕೆ.

ಮಾಸ್ಕೋ ಸಿಕ್ಕಿದ್ದು, ಕೈತಪ್ಪಿದ್ದು

ಈ ಅವನತಿಯ ನಡುವೆಯೇ ಒಂದು ಏರಿಕೆಯೂ ಇತ್ತು. ತಾತ್ರಾ ಗಾಡಿಗಳು ಕೈಗೆಟುಕದಾದಾಗ ಮಾಸ್ಕೋ ಉಸ್ತ್-ಕತಾವ್ ಕಡೆಗೆ ತಿರುಗಿತು. ಸೋವಿಯತ್ ಕಾಲದಲ್ಲಿ ಪ್ರಾಂತೀಯ ಊರುಗಳಿಗೆ ಮೀಸಲಾಗಿದ್ದ ಕಾರ್ಖಾನೆಗೆ ದೇಶ ಒಡೆದ ಮೇಲೆ ರಾಜಧಾನಿ ಗಿರಾಕಿಯಾಯಿತು. 1990ರ ದಶಕದಲ್ಲಿ 71-608ಕೆ ಮತ್ತು ಅದರ ಸುಧಾರಿತ ರೂಪ, ಆಮೇಲೆ 1999ರಿಂದ ತಯಾರಾದ 71-619, ಹೀಗೆ ನೂರಾರು ಗಾಡಿಗಳು ಮಾಸ್ಕೋಗೆ ಹೋದವು. ಹೊಸ ಗಾಡಿಗೆ ನಗದು ಕೊಡಬಲ್ಲ ರಷ್ಯದ ನಗರಗಳು ಆಗ ಬೆರಳೆಣಿಕೆಯಷ್ಟು. ಅವುಗಳಲ್ಲಿ ಮಾಸ್ಕೋ ಮೊದಲನೆಯದು. ಹೀಗಾಗಿ ಕಾರ್ಖಾನೆ ಮತ್ತೆ ಒಬ್ಬ ದೊಡ್ಡ ಗಿರಾಕಿಯನ್ನೇ ನೆಚ್ಚಿಕೊಂಡಿತು.

ತಗ್ಗು ನೆಲದ ಗಾಡಿಯ ವಿಷಯದಲ್ಲಿ ಈ ನೆಚ್ಚಿಕೆಯ ಅಪಾಯ ಬಯಲಾಯಿತು. ಪಶ್ಚಿಮ ಯುರೋಪಿನಲ್ಲಿ 1990ರ ದಶಕದಿಂದಲೇ ಮೆಟ್ಟಿಲಿಲ್ಲದೆ ನೇರವಾಗಿ ಹತ್ತಬಹುದಾದ ಟ್ರಾಮ್‌ಗಳು ರೂಢಿಯಾಗಿದ್ದವು. ಉಸ್ತ್-ಕತಾವ್ 2000ದ ದಶಕದ ಮಧ್ಯಭಾಗದಲ್ಲಿ 71-630 ಎಂಬ ಉದ್ದನೆಯ ತಗ್ಗು ನೆಲದ ಗಾಡಿಯನ್ನು ಕಟ್ಟಿತು; ಅದು ಪ್ರಯೋಗದ ಹಂತವನ್ನು ದಾಟಲಿಲ್ಲ. ದಶಕದ ಕೊನೆಯಲ್ಲಿ ಬಂದ 71-623 ಹೆಚ್ಚು ಫಲ ಕೊಟ್ಟಿತು. ಅದರ ನಡುಭಾಗದ ನೆಲ ಮಾತ್ರ ತಗ್ಗಿನಲ್ಲಿತ್ತು, ಎರಡೂ ತುದಿಗಳು ಎತ್ತರ. ಇದು ಅರೆಮನಸ್ಸಿನ ವಿನ್ಯಾಸ ಎಂದು ಟೀಕಿಸುವುದು ಸುಲಭ. ಆದರೆ ಸೋವಿಯತ್ ಕಾಲದ ಸವೆದ, ಏರುಪೇರಾದ ಹಳಿಗಳ ಮೇಲೆ ಗಾಡಿಯ ಅಡಿಯಲ್ಲಿ ತಿರುಗುವ ಮಾಮೂಲಿ ಚಕ್ರದ ಚೌಕಟ್ಟುಗಳನ್ನೇ ಉಳಿಸಿಕೊಂಡು ಓಡಬಲ್ಲ, ಪ್ರಾಂತೀಯ ನಗರವೊಂದು ಕೊಳ್ಳಬಲ್ಲ ಗಾಡಿ ಬೇಕೆಂದರೆ ಇದು ವಿವೇಕದ ರಾಜಿಯೇ. ಲಾಟ್ವಿಯಾದ ದಾಉಗವ್‌ಪಿಲ್ಸ್ ನಗರ ಕೂಡ ಈ ಮಾದರಿಯನ್ನು ಕೊಂಡಿತು. ಮೂರು ಭಾಗಗಳನ್ನು ಜೋಡಿಸಿದ 71-631 ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಯಿತು.

ಮಾಸ್ಕೋಗೆ ಈಗ ಬೇಕಾದದ್ದು ಪೂರ್ತಿ ತಗ್ಗು ನೆಲದ ದೊಡ್ಡ ಗಾಡಿ. 2013ರಲ್ಲಿ ಯೆಕತೆರಿನ್‌ಬುರ್ಗ್‌ನ ಉರಾಲ್‌ತ್ರಾನ್ಸ್‌ಮಾಶ್ ಕಾರ್ಖಾನೆಯು ಪೋಲೆಂಡಿನ ಪೆಸಾ ಕಂಪನಿಯ ಜೊತೆ ಸೇರಿ 120 ‘ಫಾಕ್ಸ್‌ಟ್ರಾಟ್’ ಗಾಡಿಗಳನ್ನು ಒದಗಿಸುವ ಒಪ್ಪಂದ ಪಡೆಯಿತು; 2014ರ ಕೊನೆಯಲ್ಲಿ ರೂಬಲ್ ಕುಸಿದ ಮೇಲೆ 70ಕ್ಕೇ ಅದು ನಿಂತಿತು. ಬಳಿಕ 300 ಗಾಡಿಗಳ ಬೃಹತ್ ಗುತ್ತಿಗೆ ಮೆತ್ರೊವಗೊನ್‌ಮಾಶ್ ಮತ್ತು ಪಿಕೆ ತ್ರಾನ್ಸ್‌ಪೋರ್ತ್ನಿಯೆ ಸಿಸ್ತೆಮಿ ಎಂಬ ಹೊಸ ಕಂಪನಿಯ ಕೂಟಕ್ಕೆ ಸಿಕ್ಕಿತು. ಆ ಗುತ್ತಿಗೆಯ ‘ವಿತ್ಯಾಜ್-ಎಂ’ ಗಾಡಿಗಳು 2017ರಿಂದ ರಸ್ತೆಗಿಳಿದವು. ಈ ಗುತ್ತಿಗೆಯ ಸ್ವರೂಪವೇ ಬೇರೆ: ಗಾಡಿ ಕೊಟ್ಟು ಹಣ ಪಡೆದರೆ ಮುಗಿಯಲಿಲ್ಲ, ಮೂವತ್ತು ವರ್ಷ ಅದರ ನಿರ್ವಹಣೆಯ ಹೊಣೆಯನ್ನೂ ತಯಾರಕನೇ ಹೊರಬೇಕು. ಗಾಡಿ ಕಟ್ಟಿ ಕಳಿಸಿ, ಮುಂದಿನದನ್ನು ಡಿಪೊ ನೋಡಿಕೊಳ್ಳುತ್ತದೆಂಬ ನಂಬಿಕೆಯ ಮೇಲೆ ಅರ್ಧ ಶತಮಾನ ದುಡಿದ ಕಾರ್ಖಾನೆಗೆ, ಅದೂ ತನ್ನ ಹಣದ ಮೇಲೆ ತನಗೇ ಹಿಡಿತವಿಲ್ಲದ ಸರಕಾರಿ ಶಾಖೆಗೆ, ಇಂಥ ವ್ಯವಹಾರ ಹೊಂದುವುದು ಕಷ್ಟ.

ಮಾಸ್ಕೋ ಹೊಸ ಗಾಡಿಗಳನ್ನು ಪಡೆದಂತೆ ಹಳೆಯವು ಉಳಿದವು. ಇನ್ನೂ ಓಡುವ ಸ್ಥಿತಿಯಲ್ಲಿದ್ದ ಕೆಟಿಎಂಗಳನ್ನು ರಾಜಧಾನಿಯು ಬಡ ನಗರಗಳಿಗೆ ದಾನವಾಗಿ ಕೊಡತೊಡಗಿತು. ಪಡೆದ ಊರುಗಳಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೆ 71-623 ಕೊಳ್ಳಬಹುದಾಗಿದ್ದ ಊರುಗಳೂ ಅವೇ. ತಾನೇ ಕಟ್ಟಿದ ಹಳೆಯ ಗಾಡಿ ಪುಕ್ಕಟೆಯಾಗಿ ಬಂದು ಬಾಗಿಲಲ್ಲಿ ನಿಂತಾಗ ಹೊಸ ಗಾಡಿಗೆ ಬೆಲೆ ಹೇಳಬೇಕಾದ ಇಕ್ಕಟ್ಟು ಕಾರ್ಖಾನೆಗೆ ಎದುರಾಯಿತು.

2020ರ ದಶಕದಲ್ಲಿ ಉಸ್ತ್-ಕತಾವ್‌ನ 71-628 ಮಾದರಿ ಚೆಲ್ಯಾಬಿನ್ಸ್ಕ್ ನಗರದ ಬೀದಿಗಿಳಿಯಿತು. ಸ್ವಂತ ಪ್ರಾಂತದ ರಾಜಧಾನಿ, ಕೆಟಿಎಂ ಗಾಡಿಗಳನ್ನು ದಶಕಗಳ ಕಾಲ ನೋಡಿದ ಡಿಪೊಗಳು, ಪ್ರಾಂತೀಯ ಆಡಳಿತದ ಬೆಂಬಲ, ಇವೆಲ್ಲ ಕಾರ್ಖಾನೆಗೆ ಅಲ್ಲಿ ಒದಗಿದ ಅನುಕೂಲಗಳು. ಅಂಥ ಅನುಕೂಲವಿಲ್ಲದ ನಗರಗಳಲ್ಲಿ ಅದು ಪ್ರತಿ ಟೆಂಡರಿನಲ್ಲೂ ತನಗಿಂತ ಹೆಚ್ಚು ಬಂಡವಾಳವಿರುವ, ಟ್ರಾಮನ್ನೇ ಮುಖ್ಯ ಕಸುಬಾಗಿಸಿಕೊಂಡ ತಯಾರಕರನ್ನು ಎದುರಿಸಬೇಕಾಗಿದೆ.